ಲೆಕ್ಕಕ್ಕೆ ತಕ್ಕ ಗಣಕ

ಬರೆಯುವ ಕೆಲಸಕ್ಕೆ ತಕ್ಕ ಸಾಧನವನ್ನು ಆರಿಸಿಕೊಳ್ಳುವ ಜಾಣ್ಮೆ ನಮ್ಮ ನಾಡಿಗೆ ಹೊಸದಲ್ಲ. ಅರಸರ ದತ್ತಿ ಶಾಶ್ವತವಾಗಿ ನಿಲ್ಲಬೇಕಾದಾಗ ಅದನ್ನು ಕಲ್ಲಿನ ಮೇಲೋ ತಾಮ್ರಪಟದ ಮೇಲೋ ಕೊರೆಸಿದರು. ಕಾವ್ಯ ಶಾಸ್ತ್ರಗಳನ್ನು ತಾಳೆಯೋಲೆಯಲ್ಲಿ ಬರೆದಿಟ್ಟರು. ದಿನದಿನದ ಕೊಡುಕೊಳ್ಳುವ ಲೆಕ್ಕಕ್ಕೆ ಶಾನುಭೋಗರೂ ವರ್ತಕರೂ ಹಿಡಿದದ್ದು ಕಡತವನ್ನು. ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಿಸೆ ಬೀಜದ ಅಂಟನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕವದು. ತಪ್ಪಾದರೆ ಒರೆಸಬಹುದು, ಲೆಕ್ಕ ತೀರಿದರೆ ಅಳಿಸಿ ಮತ್ತೆ ಬರೆಯಬಹುದು, ಕಂಕುಳಲ್ಲಿಟ್ಟುಕೊಂಡು ಸಂತೆಗೂ ಹೋಗಬಹುದು. ಕಲ್ಲು ಹೆಚ್ಚು ಕಾಲ ಬಾಳುತ್ತದೆಂದು ಯಾವ ವರ್ತಕನೂ ತನ್ನ ಕಿರ್ದಿಯನ್ನು ಕಲ್ಲಿನಲ್ಲಿ ಕೊರೆಸಲಿಲ್ಲ.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವಿದೆ. ಚೆನ್ನೈನಲ್ಲಿ ನೆಲಸಿರುವ ಕನ್ನಡ ಕುಟುಂಬಗಳಲ್ಲಿ ಲೆಕ್ಕದ ನಂಟಿಲ್ಲದ ಮನೆ ಅಪರೂಪ. ದಕ್ಷಿಣ ಕನ್ನಡವು 1956ರ ವರೆಗೂ ಮದರಾಸಿಗೆ ಸೇರಿದ್ದ ಜಿಲ್ಲೆ. ಆ ಕಡೆಯಿಂದ ಹೋಟೆಲು ನಡೆಸಲು ಬಂದವರು, ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳ ಶಾಖೆಗಳಿಗೆ ವರ್ಗವಾಗಿ ಬಂದವರು, ರೈಲ್ವೆ ಮತ್ತು ವಿಮಾ ಕಛೇರಿಗಳಲ್ಲಿ ಗುಮಾಸ್ತರಾಗಿ ಸೇರಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರ ಮಕ್ಕಳು ಮೊಮ್ಮಕ್ಕಳು ಇಂದು ಸ್ವಂತ ಅಂಗಡಿ, ಉಪಾಹಾರಗೃಹ, ಲೆಕ್ಕಪರಿಶೋಧನೆಯ ಕಛೇರಿ, ಅಂಬತ್ತೂರು ಗಿಂಡಿಗಳಲ್ಲಿ ಸಣ್ಣ ಕಾರ್ಖಾನೆ ನಡೆಸುತ್ತಿದ್ದಾರೆ. "ನಮ್ಮ ವ್ಯವಹಾರಕ್ಕೆ ಎಂಥ ಕಂಪ್ಯೂಟರ್ ಕೊಳ್ಳಬೇಕು?" ಎಂಬ ಪ್ರಶ್ನೆ ಅವರಲ್ಲಿ ಪದೇ ಪದೇ ಏಳುತ್ತದೆ. ಇದಕ್ಕೆ ಉತ್ತರವನ್ನು ನಾವು ಅಂಗಡಿಯ ಬೆಲೆಪಟ್ಟಿಯಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಲೇಸು. ಏಕೆಂದರೆ ನಮ್ಮ ದೇಶ ಅರವತ್ತು ವರ್ಷಗಳಿಂದ ಇದೇ ಪ್ರಶ್ನೆಯನ್ನು ಕೇಳುತ್ತ ಬಂದಿದೆ. ಪಾಠ ಕಲಿಯಲು ಸಾಕಷ್ಟು ಶುಲ್ಕವನ್ನೂ ತೆತ್ತಿದೆ.

ಬಾಡಿಗೆಯ ಯಂತ್ರ

ಭಾರತದಲ್ಲಿ ಗಣಕಯಂತ್ರ ಮೊದಲು ಬಂದದ್ದು ಸಂಶೋಧನಾಲಯಗಳಿಗೆ. ವ್ಯಾಪಾರದ ಕಛೇರಿಗೆ ಅದು ಕಾಲಿಟ್ಟದ್ದು 1961ರಲ್ಲಿ, ಮುಂಬಯಿಯ ಎಸ್ಸೊ ಎಣ್ಣೆ ಕಂಪೆನಿಯಲ್ಲಿ. ಆ ಯಂತ್ರದ ಹೆಸರು ಐಬಿಎಂ 1401. ಇದರ ಜತೆಗೇ ಹುಟ್ಟಿದ ಇನ್ನೊಂದು ಯಂತ್ರ ಐಬಿಎಂ 1620. ಎರಡನ್ನೂ ಕಂಪೆನಿ ಪ್ರಕಟಿಸಿದ್ದು 1959ರ ಅಕ್ಟೋಬರ್ ತಿಂಗಳಲ್ಲಿ. ಒಂದೇ ಮನೆಯ ಮಕ್ಕಳಾದರೂ ಗುಣ ಬೇರೆ. 1620 ಇಂಜಿನಿಯರರ ಸೂತ್ರಗಳನ್ನು ಬಿಡಿಸಲು ಹುಟ್ಟಿದ್ದು. 1963ರಲ್ಲಿ ಕಾನ್ಪುರದ ಐಐಟಿಗೂ ಅದೇ ದಶಕದಲ್ಲಿ ನಮ್ಮ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನ ಆವರಣಕ್ಕೂ ಬಂದದ್ದು ಅದು. 1401 ಹೆಸರು, ಊರು, ಮೊತ್ತ ಎಂಬ ಉದ್ದ-ಗಿಡ್ಡ ವಿವರಗಳನ್ನು ಓದಿ, ಕೂಡಿ, ಕಳೆದು, ಅಚ್ಚುಮಾಡಲು ಹುಟ್ಟಿದ್ದು. ವ್ಯಾಪಾರಕ್ಕೆ ಒಂದು ಬಗೆ, ವಿಜ್ಞಾನಕ್ಕೆ ಇನ್ನೊಂದು ಬಗೆ ಎಂಬ ಭೇದ ಅಂದು ಅಷ್ಟು ಸ್ಪಷ್ಟವಾಗಿತ್ತು. 1964ರಲ್ಲಿ ಐಬಿಎಂ 360 ಎಂಬ ಮಾಲಿಕೆ ಬಂದ ಮೇಲೆಯೇ ಈ ಎರಡು ದಾರಿಗಳು ಒಂದಾಗತೊಡಗಿದ್ದು.

1401ರ ಶಕ್ತಿಯೇನು? ಅದರ ನೆನಪಿನಲ್ಲಿ ಹೆಚ್ಚೆಂದರೆ 16,000 ಅಕ್ಷರಗಳಿಗೆ ಜಾಗ. ನೀವು ಓದುತ್ತಿರುವ ಈ ಲೇಖನವನ್ನು ತುಂಬಿದರೆ ಹೆಚ್ಚುಕಡಮೆ ಅಷ್ಟಕ್ಕೇ ಭರ್ತಿ. ಆದರೆ ಒಂದೊಂದರಲ್ಲೂ 80 ಅಕ್ಷರಗಳಿದ್ದ ರಂಧ್ರದ ಕಾರ್ಡುಗಳನ್ನು ಅದು ನಿಮಿಷಕ್ಕೆ 800ರಂತೆ ಓದುತ್ತಿತ್ತು; ನಿಮಿಷಕ್ಕೆ 600 ಸಾಲುಗಳನ್ನು ಅಚ್ಚುಮಾಡುತ್ತಿತ್ತು. ಸಾವಿರಾರು ಜನರಿಗೆ ಒಂದೇ ಬಗೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಮಾಡಬೇಕಾದಲ್ಲಿ ಇದಕ್ಕಿಂತ ತಕ್ಕ ಯಂತ್ರ ಅಂದು ಇರಲಿಲ್ಲ. ರೈಲ್ವೆ ಇಲಾಖೆ 1960ರ ದಶಕದ ಉತ್ತರಾರ್ಧದಲ್ಲಿ ತನ್ನ ವಲಯ ಕಛೇರಿಗಳಿಗೂ ಕಾರ್ಖಾನೆಗಳಿಗೂ 1401ನ್ನೇ ಆರಿಸಿಕೊಂಡದ್ದು ಸಂಬಳದ ಪಟ್ಟಿ, ಸರಕು ಸಾಗಣೆಯ ಲೆಕ್ಕ, ಉಗ್ರಾಣದ ದಾಸ್ತಾನು ಇವುಗಳಿಗಾಗಿ. ಇವೆಲ್ಲ ರಾಶಿ ಹಾಕಿ ಒಮ್ಮೆಲೇ ತೂರುವ ಕಣದ ಕೆಲಸದಂಥವು.

ಒಂದು ಸಂಗತಿಯನ್ನು ಮಾತ್ರ ಮರೆಯುವಂತಿಲ್ಲ. ಈ ಯಂತ್ರಗಳನ್ನು ಸಾಮಾನ್ಯವಾಗಿ ಕೊಳ್ಳುತ್ತಿರಲಿಲ್ಲ. ತಿಂಗಳ ಬಾಡಿಗೆಗೆ ಪಡೆಯುತ್ತಿದ್ದರು. ಅವುಗಳಲ್ಲಿ ಎಷ್ಟೋ ಹೊರದೇಶಗಳಲ್ಲಿ ದುಡಿದು ದಣಿದು, ಇಲ್ಲಿ ದುರಸ್ತಿಗೊಂಡು ಮತ್ತೆ ಬಾಡಿಗೆಗೆ ನಿಂತಂಥವು. ಯಂತ್ರವೂ ಕಂಪೆನಿಯದು, ರಿಪೇರಿಯ ಕೈಯೂ ಕಂಪೆನಿಯದು. ಲೆಕ್ಕ ಮಾತ್ರ ನಮ್ಮದು.

ಗುಮಾಸ್ತರ ಮಾತು

ಯಂತ್ರದ ಆಯ್ಕೆ ಯಜಮಾನನ ಮನೆವಾರ್ತೆ ಮಾತ್ರವಲ್ಲ ಎಂಬುದನ್ನು ಇದೇ ಕಾಲ ತೋರಿಸಿಕೊಟ್ಟಿತು. ಜೀವವಿಮಾ ನಿಗಮದ ನೌಕರರು 1960ರ ದಶಕದ ಮಧ್ಯದಲ್ಲಿ ಗಣಕಯಂತ್ರದ ವಿರುದ್ಧ ಚಳವಳಿ ಹೂಡಿದರು. ಕಲ್ಕತ್ತೆಯಲ್ಲಿ ಅದು ಬಹಳ ಬಿರುಸಾಗಿತ್ತು. ಇಂದು ಅದನ್ನು ನೆನೆದು ನಗುವವರಿದ್ದಾರೆ. ನಾವು ನಗಲಾರೆವು. ಒಬ್ಬ ಗುಮಾಸ್ತನ ಸಂಬಳದಿಂದ ಊರಿನಲ್ಲೊಂದು, ಪಟ್ಟಣದಲ್ಲೊಂದು ಒಲೆ ಉರಿಯುತ್ತಿದ್ದ ಕಾಲವದು. ಸರ್ಕಾರ ಪ್ರೊಫೆಸರ್ ವಿ. ಎಂ. ದಾಂಡೇಕರ್ ಅವರ ಅಧ್ಯಕ್ಷತೆಯಲ್ಲಿ 1969ರಲ್ಲಿ ಒಂದು ಸಮಿತಿಯನ್ನೇ ನೇಮಿಸಿ ಈ ಪ್ರಶ್ನೆಯನ್ನು ವಿಚಾರಿಸಬೇಕಾಯಿತು. ವರದಿ ಬಂದದ್ದು 1972ರಲ್ಲಿ.

ಈ ಜಗ್ಗಾಟದ ಫಲವನ್ನು ಬ್ಯಾಂಕುಗಳಲ್ಲಿ ಕಾಣಬಹುದು. 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರ ಸಂಘಟನೆಗಳಿಗೂ ಒಪ್ಪಂದವಾಯಿತು. ರಿಸರ್ವ್ ಬ್ಯಾಂಕಿನ ಸಿ. ರಂಗರಾಜನ್ ಸಮಿತಿಯ ವರದಿ 1984ರಲ್ಲಿ ಬಂದಿತು. ಇದರಂತೆ ದೊಡ್ಡ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಅದು ಪೂರ್ಣ ಪ್ರಮಾಣದ ಗಣಕವಲ್ಲ. ಖಾತೆ ಬರೆಯುವ, ಬಡ್ಡಿ ಹಾಕುವ, ಶಿಲ್ಕು ತೆಗೆಯುವ ಯಂತ್ರ. ತಂತ್ರಜ್ಞರ ಕಣ್ಣಿಗೆ ಇದು ಅರೆಬರೆ ಪರಿಹಾರವಾಗಿ ಕಂಡಿರಬಹುದು. ಆದರೆ ಕಾಲಾನುಕಾಲದ ಲೆಡ್ಜರು ಹೊತ್ತವರ ಕೈಗೆ ಮೊದಲು ಕೀಲಿಮಣೆಯ ಪರಿಚಯ ಮಾಡಿಸಿದ್ದು ಆ ಯಂತ್ರವೇ. ಮುಂದೆ ಶಾಖೆಗಳು ಪೂರ್ಣವಾಗಿ ಗಣಕೀಕೃತವಾದಾಗ ಅವರು ಹೊಸಬರಾಗಿರಲಿಲ್ಲ. ದುಡಿಯುವವರು ಕಲಿಯಬಲ್ಲ ಯಂತ್ರವೇ ತಕ್ಕ ಯಂತ್ರ ಎಂಬುದು ಇಲ್ಲಿಯ ಪಾಠ.

ಕಂಪೆನಿ ಹೊರಟುಹೋದಾಗ

ಇನ್ನೊಂದು ಪಾಠ ಬೇರೆ ದಿಕ್ಕಿನಿಂದ ಬಂದಿತು. 1973ರ ವಿದೇಶೀ ವಿನಿಮಯ ಕಾಯಿದೆಯಂತೆ ವಿದೇಶಿ ಕಂಪೆನಿಗಳು ಇಲ್ಲಿಯ ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕಾಯಿತು. ಐಬಿಎಂ ಒಪ್ಪಲಿಲ್ಲ, 1978ರಲ್ಲಿ ಭಾರತವನ್ನು ಬಿಟ್ಟು ಹೊರಟಿತು. ದೇಶದ ಉದ್ದಗಲಕ್ಕೂ ನಿಂತಿದ್ದ ಅದರ ಯಂತ್ರಗಳು ಇನ್ನು ಕೆಟ್ಟರೆ ಯಾರು ನೋಡಬೇಕು? ಐಐಟಿ ಮದರಾಸಿನಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ 1973ರಲ್ಲಿ ಸ್ಥಾಪನೆಯಾಗಿದ್ದ ಐಬಿಎಂ 370/155 ಅಂದಿಗೆ ದೇಶದ ಬಲುದೊಡ್ಡ ಗಣಕಗಳಲ್ಲಿ ಒಂದು. ಆ ದೊಡ್ಡಸ್ತಿಕೆಯೂ ಈ ಪ್ರಶ್ನೆಗೆ ಉತ್ತರವಾಗುವಂತಿರಲಿಲ್ಲ.

ಪುಣ್ಯಕ್ಕೆ ಸರ್ಕಾರ 1975ರಲ್ಲೇ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಕಟ್ಟಿತ್ತು. ಸಿಎಂಸಿ ಎಂದು ಹೆಸರಾದ ಈ ಸಂಸ್ಥೆ ಐಬಿಎಂ ಯಂತ್ರಗಳ ಆರೈಕೆಯನ್ನು ವಹಿಸಿಕೊಂಡಿತು. ಯಂತ್ರಗಳು ನಿಲ್ಲಲಿಲ್ಲ. ಆದರೆ ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳಲ್ಲಿ "ನಾಳೆ ಇದನ್ನು ರಿಪೇರಿ ಮಾಡುವವರು ಯಾರು?" ಎಂಬುದು ಅಂದಿನಿಂದ ಮೇಲಿನ ಸಾಲಿಗೆ ಬಂದಿತು.

ಆ ಹೊತ್ತಿಗೆ ಸ್ವದೇಶಿ ತಯಾರಕರು ಎದ್ದಿದ್ದರು. ಹೈದರಾಬಾದಿನ ಇಸಿಐಎಲ್ 1969ರಲ್ಲೇ ಟಿಡಿಸಿ 12 ಎಂಬ ಗಣಕವನ್ನು ಕಟ್ಟಿತ್ತು. ಎಚ್‌ಸಿಎಲ್ 1976ರಲ್ಲಿ ಹುಟ್ಟಿತು. ಅಡುಗೆ ಎಣ್ಣೆಯ ಕಂಪೆನಿಯಾಗಿದ್ದ ವಿಪ್ರೊ 1981ರಲ್ಲಿ ಬೆಂಗಳೂರಿನಿಂದ ಮಿನಿ ಗಣಕವನ್ನು ಹೊರತಂದಿತು. ಹವಾನಿಯಂತ್ರಿತ ಹಜಾರ ಬೇಡದ, ಮಧ್ಯಮ ಗಾತ್ರದ ಕಾರ್ಖಾನೆಗೂ ನಿಲುಕುವ ಯಂತ್ರಗಳಿವು. ತೊಡಕಿದ್ದದ್ದು ಒಂದೇ. ಒಂದು ಕಂಪೆನಿಯ ಗಣಕಕ್ಕೆ ಬರೆಸಿದ ಪ್ರೋಗ್ರಾಮು ಇನ್ನೊಂದು ಕಂಪೆನಿಯ ಗಣಕದಲ್ಲಿ ಸಾಮಾನ್ಯವಾಗಿ ಓಡುತ್ತಿರಲಿಲ್ಲ. ಯಂತ್ರ ಬದಲಿಸಿದರೆ ಪ್ರೋಗ್ರಾಮನ್ನೂ ಹೊಸದಾಗಿ ಬರೆಸಬೇಕು. ಹಲವು ತಯಾರಕರ ಯಂತ್ರಗಳಲ್ಲಿ ನಡೆಯಬಲ್ಲ ಯೂನಿಕ್ಸ್ ಎಂಬ ವ್ಯವಸ್ಥೆಯತ್ತ ನಮ್ಮ ಬ್ಯಾಂಕುಗಳು 1980ರ ದಶಕದ ಉತ್ತರಾರ್ಧದಲ್ಲಿ ಒಲಿದದ್ದು ಇಂಥ ಕಟ್ಟಿನಿಂದ ಬಿಡಿಸಿಕೊಳ್ಳಲೆಂದೇ.

ಕಿಟಕಿಯ ಮುಂದೆ ನಿಂತ ಗಿರಾಕಿ

ಊರಿಗೆ ಹೋಗಲು ರೈಲಿನ ಬರ್ತಿಗಾಗಿ ಸೆಂಟ್ರಲ್ ನಿಲ್ದಾಣದಲ್ಲಿ ಸಾಲು ನಿಂತ ಹಿರಿಯರಿಗೆ ಮುಂದಿನ ಉದಾಹರಣೆ ಚೆನ್ನಾಗಿ ಅರ್ಥವಾದೀತು. ಹಿಂದೆ ಒಂದೊಂದು ಗಾಡಿಗೂ ಒಂದೊಂದು ದೊಡ್ಡ ಪುಸ್ತಕ, ಅದಕ್ಕೊಂದು ಕಿಟಕಿ. ಒಂದರಲ್ಲಿ ಜಾಗ ಸಿಗದಿದ್ದರೆ ಇನ್ನೊಂದು ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ರೈಲ್ವೆಯ ಬಳಿ ಆಗಲೇ ಗಣಕಗಳಿದ್ದುವಲ್ಲ, ಅವನ್ನೇ ಇದಕ್ಕೂ ಏಕೆ ಬಳಸಲಿಲ್ಲ? ಬಳಸಲು ಬರುವಂತಿರಲಿಲ್ಲ. 1401 ರಾಶಿ ಲೆಕ್ಕದ ಯಂತ್ರ. ಬರ್ತು ಕೊಡುವುದು ಗಿರಾಕಿ ಎದುರಿಗೆ ನಿಂತಿರುವಾಗಲೇ ಉತ್ತರ ಹೇಳಬೇಕಾದ ಕೆಲಸ. ಒಂದೇ ಬರ್ತನ್ನು ಎರಡು ಕಿಟಕಿಗಳಲ್ಲಿ ಇಬ್ಬರಿಗೆ ಕೊಡಲೂಬಾರದು.

ಇದಕ್ಕೆ ಬೇರೆಯೇ ಬಗೆಯ ಗಣಕ ಬೇಕಾಯಿತು. ಸಿಎಂಸಿ ಸಂಸ್ಥೆ ಇಂಪ್ರೆಸ್ ಎಂಬ ಕಾಯ್ದಿರಿಸುವ ವ್ಯವಸ್ಥೆಯನ್ನು ರಚಿಸಿ, ವ್ಯಾಕ್ಸ್ 11/750 ಎಂಬ ಯಂತ್ರಗಳಿಗೆ ಹಲವು ಕಿಟಕಿಗಳ ಟರ್ಮಿನಲ್ಲುಗಳನ್ನು ಜೋಡಿಸಿತು. 1985ರ ನವೆಂಬರಿನಲ್ಲಿ ದೆಹಲಿಯಲ್ಲಿ ಆರಂಭವಾಗಿ, ಮುಂದಿನ ವರ್ಷಗಳಲ್ಲಿ ಮದರಾಸು, ಮುಂಬಯಿ, ಕಲ್ಕತ್ತೆ, ಸಿಕಂದರಾಬಾದುಗಳಿಗೂ ಅದು ಬಂದಿತು. ಯಾವ ಕಿಟಕಿಯಲ್ಲಾದರೂ ಯಾವ ಗಾಡಿಗಾದರೂ ಟಿಕೇಟು ದೊರೆಯಿತು. ಆದರೂ ಐದು ಕೇಂದ್ರಗಳು ಬಹುಕಾಲ ಐದು ದ್ವೀಪಗಳಂತಿದ್ದವು. ಅವೆಲ್ಲ ಒಂದೇ ಬಲೆಯಲ್ಲಿ ಕೂಡಿಕೊಂಡದ್ದು 1999ರಲ್ಲಿ. ವೇಗವಾದ ಯಂತ್ರವಿದ್ದರೆ ಸಾಲದು, ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕು.

ಹೋಟೆಲಿನವರು ಇದನ್ನು ತಮ್ಮ ಅನುಭವದೊಂದಿಗೆ ತಾಳೆ ನೋಡಬಹುದು. ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಮನೆತನದ ಡ್ರೈವ್-ಇನ್ ಹೋಟೆಲು 1962ರಿಂದ 2008ರ ವರೆಗೆ ಈ ನಗರದಲ್ಲಿ ಹೆಸರಾಗಿತ್ತು. ಅಲ್ಲಿ ಕಾರಿನಲ್ಲೇ ಕುಳಿತವರಿಗೂ ತಿಂಡಿ ಬರುತ್ತಿತ್ತು. ಆರ್ಡರು ಒಂದು ಕಡೆ, ಅಡುಗೆಮನೆ ಇನ್ನೊಂದು ಕಡೆ, ಗಲ್ಲಾ ಮತ್ತೊಂದು ಕಡೆ. ಇಂಥಲ್ಲಿ ಗಲ್ಲಾದ ಮೇಲೊಂದು ದೊಡ್ಡ ಕಂಪ್ಯೂಟರ್ ಇಟ್ಟರೆ ಪ್ರಯೋಜನವೇನು? ಮಾಣಿಯ ಕೈಯಲ್ಲೊಂದು ಸಣ್ಣ ಯಂತ್ರ, ಅಡುಗೆಮನೆಯಲ್ಲೊಂದು ಚೀಟಿ ಅಚ್ಚಿಸುವ ಪ್ರಿಂಟರು, ಗಲ್ಲಾದಲ್ಲಿ ಬಿಲ್ಲಿನ ಯಂತ್ರ, ಮೂರಕ್ಕೂ ಒಂದೇ ಲೆಕ್ಕ. ಇಂದಿನ ಉಪಾಹಾರಗೃಹಕ್ಕೆ ಇದೇ ತಕ್ಕ ಬಗೆ.

ಮೇಜಿನ ಮೇಲಿನ ಗಣಕ

1981ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಹೊರಬಂದ ಐಬಿಎಂ ಪಿ.ಸಿ.ಯ ಅತಿ ಚಿಕ್ಕ ಮಾದರಿಯ ನೆನಪು 16 ಕಿಲೋಬೈಟು. ಅಂದರೆ ದೊಡ್ಡ 1401ಕ್ಕೆ ಸಮಸಮ, ಅದೂ ಮೇಜಿನ ಮೇಲೆ. 1984ರ ನವೆಂಬರಿನ ಹೊಸ ಗಣಕ ನೀತಿಯಿಂದ ಆಮದು ಸುಲಭವಾಗಿ, ಪಿ.ಸಿ. ಇಲ್ಲಿಯೂ ಹರಡಿತು. ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟಿನಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿಕೊಡುವವರು ಹುಟ್ಟಿಕೊಂಡರು. ಯಂತ್ರ ಅಗ್ಗವಾಯಿತು, ರಿಪೇರಿಯ ಕೈ ಬೀದಿ ಬೀದಿಯಲ್ಲೂ ಸಿಕ್ಕಿತು.

ಆದರೆ ವ್ಯಾಪಾರಿಗಳ ಮಟ್ಟಿಗೆ ಪಿ.ಸಿ.ಯನ್ನು ಉಪಯುಕ್ತವಾಗಿಸಿದ ಕಥೆ ನಡೆದದ್ದು ಬೆಂಗಳೂರಿನಲ್ಲಿ. ಗಿರಣಿಗಳಿಗೆ ಸಾಮಗ್ರಿ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಪ್ಪುವ ಸಾಫ್ಟ್‌ವೇರ್ ದೊರೆಯಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಒಂದನ್ನು ಬರೆಯಲು ಹೇಳಿದರು. 1986ರಲ್ಲಿ ಹೀಗೆ ಹುಟ್ಟಿದ್ದೇ ಮುಂದೆ ಟ್ಯಾಲಿ ಎಂದು ಮನೆಮಾತಾಯಿತು. ಇಲ್ಲಿಯ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ಲೆಕ್ಕದ ಅಗತ್ಯ, ಆಮೇಲೆ ಸಾಫ್ಟ್‌ವೇರ್, ಕಡೆಗೆ ಅದನ್ನು ಓಡಿಸಬಲ್ಲ ಯಂತ್ರ. ಇಂದು ಕೊಳ್ಳುವವರಲ್ಲಿ ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಕನ್ನಡದಲ್ಲಿ ಕೆಲಸ ಮಾಡುವವರು ಪಟ್ಟ ಪಾಡನ್ನೂ ಇಲ್ಲಿಯೇ ಹೇಳಬೇಕು. ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡವನ್ನು ಸಾಮಾನ್ಯ ಕೀಲಿಗಳಿಗೆ ಒಗ್ಗಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿತು. ಬಳಿಕ ನುಡಿ ಬಂದಿತು. ಆದರೂ ಒಂದು ಅಕ್ಷರವಿನ್ಯಾಸದಲ್ಲಿ ಅಚ್ಚುಮಾಡಿದ ಕನ್ನಡ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳಾಗುತ್ತಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆಯೇ ಈ ಕಾಟ ತಗ್ಗಿದ್ದು. ಪ್ರೋಗ್ರಾಮಿಗಾದ ಕಟ್ಟು ಅಕ್ಷರಕ್ಕೂ ಆದ ಕಥೆಯಿದು.

ಮಳೆಯ ನೀರು, ಮತ್ತೆ ಬಾಡಿಗೆ

2015ರ ಡಿಸೆಂಬರಿನ ಮೊದಲ ವಾರವನ್ನು ಈ ನಗರದವರು ಮರೆಯುವಂತಿಲ್ಲ. ನೆಲಮಹಡಿಯ ಅಂಗಡಿಗಳಿಗೂ ಕಛೇರಿಗಳಿಗೂ ನೀರು ನುಗ್ಗಿತು. 1878ರಲ್ಲಿ ಆರಂಭವಾದ "ದಿ ಹಿಂದೂ" ಪತ್ರಿಕೆಯ ಚೆನ್ನೈ ಆವೃತ್ತಿಯೇ ಡಿಸೆಂಬರ್ 2ರಂದು ಅಚ್ಚಾಗಲಿಲ್ಲ. ಕೆಲಸಗಾರರು ಮರೈಮಲೈ ನಗರದ ಮುದ್ರಣಾಲಯ ತಲಪಲಾಗಲಿಲ್ಲ. ಮೇಜಿನ ಕೆಳಗಿಟ್ಟ ಕಂಪ್ಯೂಟರಿನೊಳಗೆ ಮಾತ್ರ ವರ್ಷಗಳ ಲೆಕ್ಕವನ್ನಿಟ್ಟವರ ಪಾಡು ಏನಾಗಿರಬೇಕೆಂದು ಬೇರೆ ಹೇಳಬೇಕಿಲ್ಲ. ಒಂದು ಪ್ರತಿಯನ್ನು ಬೇರೆ ಸ್ಥಳದಲ್ಲಿಡುವುದು ಈ ಊರಿನಲ್ಲಿ ಛತ್ರಿಯಷ್ಟೇ ಅಗತ್ಯ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಸಣ್ಣ ವರ್ತಕರೂ ಗಣಕದ ದಾರಿಗೆ ಬರಬೇಕಾಯಿತು. ಅವರಲ್ಲಿ ಬಹುಮಂದಿಗೆ ಇಂದು ಸಿಗುತ್ತಿರುವ ಸಲಹೆ ಕ್ಲೌಡ್. ಲೆಕ್ಕ ಬೇರೆಯವರ ಗಣಕದಲ್ಲಿ, ನಾವು ತಿಂಗಳಿಗಿಷ್ಟು ಕೊಟ್ಟು ಬಳಸುವುದು. ನೀರಿನ ಭಯವಿಲ್ಲ, ಯಂತ್ರದ ಖರ್ಚು ಕಡಮೆ, ಊರಿಗೆ ಹೋದರೂ ಮೊಬೈಲಿನಲ್ಲಿ ವ್ಯಾಪಾರ ಕಾಣುತ್ತದೆ. ಇದನ್ನು ನಾವು ಹಳಿಯುವುದಿಲ್ಲ. ಆದರೆ ಇದು 1401ರ ಬಾಡಿಗೆಯ ಕಾಲವೇ ಹೊಸ ಉಡುಪಿನಲ್ಲಿ ಬಂದದ್ದು ಎಂಬ ಎಚ್ಚರವಿರಲಿ. ಅಂದು ಬಾಡಿಗೆಗಿದ್ದದ್ದು ಯಂತ್ರ. ಕಾರ್ಡುಗಳ ಕಟ್ಟಾದರೂ ನಮ್ಮ ಬೀರುವಿನಲ್ಲಿರುತ್ತಿತ್ತು. ಇಂದು ಲೆಕ್ಕದ ಪುಸ್ತಕವೂ ಅವರ ಮನೆಯಲ್ಲಿ. ಜಿ.ಎಸ್.ಟಿ. ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಬಾಡಿಗೆ ಕಟ್ಟುವುದನ್ನು ಮೂರನೆಯ ವರ್ಷ ನಿಲ್ಲಿಸಿದರೆ ಉಳಿದ ವರ್ಷಗಳಿಗೆ ಪುಸ್ತಕ ಯಾರ ಕೈಯಲ್ಲಿರುತ್ತದೆ? ಕೈಯೆತ್ತಿ ಸಹಿ ಹಾಕುವ ಮುನ್ನ ಕೇಳಬೇಕಾದ ಮಾತಿದು.

ಹಾಗಾದರೆ ಆರಿಸುವುದು ಹೇಗೆ? ಚರಿತ್ರೆ ಕಲಿಸಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬಹುದು. ನಮ್ಮ ಕೆಲಸ ತಿಂಗಳಿಗೊಮ್ಮೆ ಮಾಡುವ ರಾಶಿಯ ಕೆಲಸವೋ, ಗಿರಾಕಿಯ ಎದುರಿಗೇ ಮುಗಿಸಬೇಕಾದ ಕೆಲಸವೋ? ಮೊದಲನೆಯದಕ್ಕೆ ಮೇಜಿನ ಮೇಲಿನ ಒಂದು ಸಾಧಾರಣ ಗಣಕವೂ ಯು.ಪಿ.ಎಸ್. ಪೆಟ್ಟಿಗೆಯೂ ಸಾಕು, ಎರಡನೆಯದಕ್ಕೆ ಬಿಲ್ಲಿನ ಯಂತ್ರಗಳ ಜೋಡಣೆ ಬೇಕು. ಬಳಸುವವರು ಯಾರು, ಅವರು ಕಲಿಯಬಲ್ಲರೇ? ಕೆಟ್ಟರೆ ರಿಪೇರಿ ಯಾರದು, ಎಷ್ಟು ವರ್ಷ? ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳೇ ಹಳತಾದವು. ಹಳೆಯ ಸರಕು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇದನ್ನು ನೋಡಬೇಕು. ಕಡೆಯದಾಗಿ, ಲೆಕ್ಕವನ್ನು ನಮಗೆ ಬೇಕಾದಾಗ, ಬೇರೆ ಕಡೆ ಓದಬಲ್ಲ ರೂಪದಲ್ಲಿ ಹೊರತೆಗೆದುಕೊಳ್ಳಬಹುದೇ?

ಕಂಪೆನಿಯಾಗಿ ನೋಂದಾಯಿಸಿದವರಿಗೆ ಇನ್ನೂ ಒಂದು ಸಾಲು ಸೇರುತ್ತದೆ. 2023ರ ಏಪ್ರಿಲ್ 1ರಿಂದ ಅವರ ಲೆಕ್ಕದ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ಉಳಿಸಿಟ್ಟುಕೊಳ್ಳಬೇಕು. ಕಡತದಲ್ಲಿ ಗುಣವಾಗಿದ್ದ ಅಳಿಸುವಿಕೆ ಇಲ್ಲಿ ನಿಷಿದ್ಧ. ಕಾಲಕ್ಕೆ ತಕ್ಕಂತೆ ಸಾಧನದ ಲಕ್ಷಣ ಬದಲಾಗುತ್ತದೆ. ಆರಿಸುವವನ ವಿವೇಕ ಮಾತ್ರ ಹಳೆಯದೇ. ಈ ಹಾಳೆಯನ್ನು ಮನೆಯಲ್ಲಿ ಕುಳಿತು ತುಂಬಿಕೊಂಡು, ಅಂಗಡಿ ನಡೆಸುವ ಮಕ್ಕಳೊಂದಿಗೂ ಗಲ್ಲಾದಲ್ಲಿ ಕೂರುವವರೊಂದಿಗೂ ಒಮ್ಮೆ ಓದಿ, ಆಮೇಲೆ ರಿಚಿ ಸ್ಟ್ರೀಟಿಗೆ ಹೊರಡಬೇಕೆಂಬುದು ನಮ್ಮ ವಿನಂತಿ.